ಚಿಪ್‌ನೊಳಗಿನ ವಿದ್ಯುತ್ ಮತ್ತು ರೀಸೆಟ್ ವಿವರಣೆ: ಸಣ್ಣ ಉತ್ಪಾದಕರಿಗೆ ಇದರ ಗೊಡವೆ ಏಕೆ?

ಎರಡು ದಶಕಗಳ ಹಿಂದೆ ಪೀಣ್ಯದಲ್ಲಿ ನಿಯಂತ್ರಣ ಫಲಕಗಳನ್ನು ತಯಾರಿಸುತ್ತಿದ್ದ ನಮ್ಮಂತಹ ಸಣ್ಣ ಘಟಕಗಳಿಗೆ ಆಪರೇಟಿಂಗ್ ಸಿಸ್ಟಂ ಎಂಬುದು ಕಚೇರಿಯ ಗಣಕಯಂತ್ರಕ್ಕೆ ಮಾತ್ರ ಸಂಬಂಧಿಸಿದ ಸಂಗತಿಯಾಗಿತ್ತು. ಫಲಕದೊಳಗೆ ಇರುತ್ತಿದ್ದುದು ಎಂಟು ಬಿಟ್‌ನ ಒಂದು ಮೈಕ್ರೋಕಂಟ್ರೋಲರ್. ಅದರ ಪ್ರೋಗ್ರಾಂ ಒಬ್ಬ ಇಂಜಿನಿಯರ್ ಬರೆದು ಮುಗಿಸಬಹುದಾದಷ್ಟು ಚಿಕ್ಕದು. ವಿದ್ಯುತ್ ಬಂದೊಡನೆ ಚಿಪ್ ಎಚ್ಚರಗೊಳ್ಳುತ್ತಿತ್ತು, ಹೋದೊಡನೆ ಮಲಗುತ್ತಿತ್ತು. ನಡುವೆ ಬೇರೆ ಅವಸ್ಥೆಯೇ ಇರಲಿಲ್ಲ. ಇಂದು ತೂಕದ ಯಂತ್ರ, ಪಂಪ್ ನಿಯಂತ್ರಕ, ಕೋಲ್ಡ್ ಸ್ಟೋರೇಜ್‌ನ ತಾಪಮಾನ ದಾಖಲೆ ಯಂತ್ರ ಮುಂತಾದ ಎಷ್ಟೋ ಸಲಕರಣೆಗಳಲ್ಲಿ ಲಿನಕ್ಸ್ ಕರ್ನಲ್ ಓಡುವ ಪ್ರೊಸೆಸರ್ ಕುಳಿತಿದೆ. ಗ್ರಾಹಕರಿಗೆ ಪರದೆ ಬೇಕು, ಅಂತರಜಾಲದ ಸಂಪರ್ಕ ಬೇಕು, ದೂರದಿಂದಲೇ ದುರಸ್ತಿ ಮಾಡುವ ಅನುಕೂಲ ಬೇಕು. ಇವೆಲ್ಲವನ್ನೂ ಕೊಡುವ ಚಿಪ್‌ನೊಳಗೆ ಹತ್ತಾರು ಮಾಡ್ಯೂಲ್‌ಗಳಿವೆ. ಪ್ರತಿಯೊಂದಕ್ಕೂ ತನ್ನದೇ ಆದ ಕ್ಲಾಕ್, ತನ್ನದೇ ಆದ ನಿದ್ರೆ, ತನ್ನದೇ ಆದ ರೀಸೆಟ್ ಇದೆ. ಇವುಗಳನ್ನು ಕರ್ನಲ್‌ಗೆ ಯಾರು, ಎಲ್ಲಿ, ಹೇಗೆ ವಿವರಿಸಿದ್ದಾರೆ ಎಂಬುದು ಇಂಜಿನಿಯರುಗಳ ಚರ್ಚೆಗೆ ಬಿಟ್ಟ ವಿಷಯವೆಂದು ನಾನೂ ಬಹುಕಾಲ ಭಾವಿಸಿದ್ದೆ. 2019ರಲ್ಲಿ ಬ್ಯಾಡಗಿಯ ಕಡೆಯಿಂದ ಬಂದ ಒಂದು ದೂರವಾಣಿ ಕರೆ ಆ ಭಾವನೆಯನ್ನು ಬದಲಿಸಿತು.

ಆರು ಸೆಕೆಂಡುಗಳ ತಪ್ಪು

ಅಲ್ಲಿನ ಮೆಣಸಿನಕಾಯಿ ಶೈತ್ಯಾಗಾರವೊಂದಕ್ಕೆ ನಾವು ಕಂಪ್ರೆಸರ್ ನಿಯಂತ್ರಣ ಫಲಕವನ್ನು ಪೂರೈಸಿದ್ದೆವು. ಬ್ಯಾಡಗಿ ಮೆಣಸಿನಕಾಯಿಗೆ ಬೆಲೆ ಬರುವುದು ಅದರ ಬಣ್ಣದಿಂದ ಎಂಬುದನ್ನು ಈ ಪತ್ರಿಕೆಯ ಓದುಗರಿಗೆ ಹೇಳಬೇಕಾಗಿಲ್ಲ. ಸುಗ್ಗಿಯಲ್ಲಿ ಬಂದ ಮಾಲನ್ನು ತಂಪಿನಲ್ಲಿಟ್ಟು, ದರ ನೋಡಿ ತೆಗೆಯುವುದು ಅಲ್ಲಿನ ವ್ಯಾಪಾರದ ಕ್ರಮ. ಅಂತಹ ಗೋದಾಮಿನಲ್ಲಿರುವ ಚೀಲಗಳ ಮೇಲೆ ರೈತರದೂ ವರ್ತಕರದೂ ಸಾಲ ಇರುತ್ತದೆ. ಕಂಪ್ರೆಸರ್ ನಿಂತರೆ ನಷ್ಟ ಒಬ್ಬರದಲ್ಲ.

ಆ ಫಲಕ ಹಲವು ವರ್ಷ ತಕರಾರಿಲ್ಲದೆ ಕೆಲಸ ಮಾಡಿತ್ತು. ಅದರಲ್ಲಿದ್ದುದು ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಸಂಸ್ಥೆಯ ಎಎಂ335ಎಕ್ಸ್ ಕುಟುಂಬದ ಪ್ರೊಸೆಸರ್. ಬೋರ್ಡನ್ನು ನಾವು ಬೇರೊಬ್ಬ ಪೂರೈಕೆದಾರರಿಂದ ಕೊಂಡಿದ್ದೆವು. ಅವರು ಕೊಟ್ಟ ಕರ್ನಲ್ 3.2ನೇ ಆವೃತ್ತಿಯದು. ಆ ಆವೃತ್ತಿಯ ಸಾರ್ವಜನಿಕ ನಿರ್ವಹಣೆ 2018ರಲ್ಲಿ ನಿಂತಿತು. ಅಂತರಜಾಲಕ್ಕೆ ಜೋಡಿಸಿದ ಯಂತ್ರದಲ್ಲಿ ಭದ್ರತೆಯ ತಿದ್ದುಪಡಿಗಳೇ ಬಾರದ ಕರ್ನಲ್ ಇಟ್ಟುಕೊಳ್ಳುವುದು ಸರಿಯಲ್ಲವೆಂದು ನಾವು 4.19ಕ್ಕೆ ಏರಿದೆವು. ನಿರ್ಧಾರ ಸರಿಯಾಗಿಯೇ ಇತ್ತು. ಬೆಂಚಿನ ಮೇಲೆ ಎಲ್ಲ ಪರೀಕ್ಷೆಗಳೂ ಉತ್ತೀರ್ಣವಾದವು. ಫಲಕ ಚಾಲೂ ಆಗುವಾಗ ರಿಲೇ ಒಂದರ ಬದಲು ಎರಡು ಬಾರಿ ಟಕ್ ಎನ್ನುತ್ತಿತ್ತು; ಅದನ್ನು ನಾವು ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ.

ಬ್ಯಾಡಗಿಯಲ್ಲಿ ವಿದ್ಯುತ್ ಹೋಗಿ ಬಂದಾಗಲೆಲ್ಲ, ಜನರೇಟರಿಗೆ ಬದಲಾದಾಗಲೆಲ್ಲ, ನಡೆಯುತ್ತಿದ್ದುದು ಹೀಗೆ. ಮೊದಲು ಎಚ್ಚರಗೊಳ್ಳುವ ಬೂಟ್‌ಲೋಡರ್ ಎರಡು ಸೆಕೆಂಡಿನಲ್ಲಿ ಕಂಪ್ರೆಸರ್ ರಿಲೇಯನ್ನು ಹಾಕುತ್ತಿತ್ತು. ಲಿನಕ್ಸ್ ಪೂರ್ತಿ ಏಳುವವರೆಗೆ ಕಾಯಿಸಬಾರದೆಂದು ಗ್ರಾಹಕರೇ ಹಿಂದೆ ಕೇಳಿಕೊಂಡಿದ್ದರು. ಸುಮಾರು ಆರು ಸೆಕೆಂಡಿನ ಬಳಿಕ ಕರ್ನಲ್ ತನ್ನ ಕೆಲಸ ಆರಂಭಿಸಿ, ರಿಲೇ ಜೋಡಿಸಿದ್ದ ಜಿಪಿಐಒ ಮಾಡ್ಯೂಲನ್ನು ರೀಸೆಟ್ ಮಾಡುತ್ತಿತ್ತು. ರೀಸೆಟ್ ಆದ ಕೂಡಲೇ ಆ ಮಾಡ್ಯೂಲಿನ 32 ಕಾಲುಗಳೂ ಇನ್‌ಪುಟ್ ಸ್ಥಿತಿಗೆ ಮರಳುತ್ತವೆ. ರಿಲೇಯ ಟ್ರಾನ್ಸಿಸ್ಟರಿಗೆ ಆಧಾರ ತಪ್ಪಿ ರಿಲೇ ಬೀಳುತ್ತಿತ್ತು. ಇಪ್ಪತ್ತು ಸೆಕೆಂಡು ಕಳೆದು ನಮ್ಮ ಅಪ್ಲಿಕೇಶನ್ ಎದ್ದ ಮೇಲೆ ಅದು ಮತ್ತೆ ಹಾಕಿಕೊಳ್ಳುತ್ತಿತ್ತು. ನಿಂತ ಕಂಪ್ರೆಸರಿನೊಳಗೆ ಒತ್ತಡ ಸಮವಾಗಲು ಕೆಲವು ನಿಮಿಷಗಳು ಬೇಕು. ಇಪ್ಪತ್ತು ಸೆಕೆಂಡಿನಲ್ಲಿ ಮತ್ತೆ ಎಬ್ಬಿಸಿದರೆ ಮೋಟಾರು ಭಾರಕ್ಕೆ ಸಿಕ್ಕಿ ತಿಣುಕುತ್ತದೆ. ಓವರ್‌ಲೋಡ್ ರಿಲೇ ಹಲವು ಬಾರಿ ಕಾಪಾಡಿತು. ಕೊನೆಗೊಮ್ಮೆ ವೈಂಡಿಂಗ್ ಸುಟ್ಟಿತು.

ಮುಂದಿನದು ನಿಮಗೆಲ್ಲ ಪರಿಚಿತವಾದ ಕಥೆಯೇ. ಕಂಪ್ರೆಸರ್ ಮಾರಿದವರು ಫಲಕದ ಮೇಲೆ ಹಾಕಿದರು, ನಾವು ವೋಲ್ಟೇಜಿನ ಮೇಲೆ ಹಾಕಿದೆವು, ಮಾಲೀಕರು ನಮ್ಮ ಬಾಕಿ ಹಣವನ್ನು ತಡೆಹಿಡಿದರು. ಬೆಂಗಳೂರಿನಿಂದ ಮುನ್ನೂರಕ್ಕೂ ಹೆಚ್ಚು ಕಿಲೋಮೀಟರು ದೂರದ ಆ ಊರಿಗೆ ನಮ್ಮ ಹುಡುಗರು ಮೂರು ಬಾರಿ ಹೋಗಿಬಂದರು. ಮೂರನೆಯ ಬಾರಿ ಒಬ್ಬ ಕಿರಿಯ ಇಂಜಿನಿಯರ್ ಆಸಿಲೋಸ್ಕೋಪನ್ನು ರಿಲೇಯ ಕಾಲಿಗೂ ಲ್ಯಾಪ್‌ಟಾಪನ್ನು ಸೀರಿಯಲ್ ಕನ್ಸೋಲಿಗೂ ಜೋಡಿಸಿ ಕುಳಿತು, ರಿಲೇ ಬೀಳುವ ಕ್ಷಣವೂ ಕರ್ನಲ್ ಮಾಡ್ಯೂಲುಗಳನ್ನು ಸಜ್ಜುಗೊಳಿಸುವ ಕ್ಷಣವೂ ಒಂದೇ ಎಂದು ಕಂಡುಕೊಂಡ. ಹಳೆಯ 3.2ರ ಮೂಲಸಂಕೇತವನ್ನು ಬಿಡಿಸಿ ನೋಡಿದಾಗ, ಬೋರ್ಡ್ ಪೂರೈಸಿದವರ ಕಡೆಯ ಯಾರೋ ಆ ಮಾಡ್ಯೂಲಿಗೆ “ಆರಂಭದಲ್ಲಿ ರೀಸೆಟ್ ಬೇಡ” ಎಂಬ ಒಂದು ಗುರುತನ್ನು ಸಿ ಭಾಷೆಯ ಕಡತದಲ್ಲಿ ಸೇರಿಸಿಟ್ಟಿದ್ದು ಸಿಕ್ಕಿತು. ಏಕೆ ಸೇರಿಸಿದೆವೆಂಬ ಟಿಪ್ಪಣಿ ಇರಲಿಲ್ಲ. ಹೊಸ ಕರ್ನಲ್‌ಗೆ ಅದನ್ನು ಯಾರೂ ಒಯ್ದಿರಲಿಲ್ಲ. ಹೊಣೆ ನಮ್ಮದೇ ಎಂದು ಒಪ್ಪಿ ವೈಂಡಿಂಗ್ ಖರ್ಚನ್ನು ಭರಿಸಿದೆವು.

ಚಿಪ್‌ನೊಳಗೆ ಏನಿದೆ?

ಈ ಕುಟುಂಬದ ಚಿಪ್‌ಗಳಲ್ಲಿ ಪಿಆರ್‌ಸಿಎಂ ಎಂಬ ಒಂದು ವಿಭಾಗವಿದೆ. ವಿದ್ಯುತ್, ರೀಸೆಟ್ ಮತ್ತು ಕ್ಲಾಕ್ ನಿರ್ವಹಣೆ ಎಂಬುದು ಅದರ ಹೆಸರಿನ ಅರ್ಥ. ಇದನ್ನು ದೊಡ್ಡ ಗೋದಾಮಿನ ಉಗ್ರಾಣಿಯೆಂದು ತಿಳಿಯಬಹುದು. ಸೀರಿಯಲ್ ಪೋರ್ಟ್, ಟೈಮರ್, ಗ್ರಾಫಿಕ್ಸ್, ಜಿಪಿಐಒ ಇವೆಲ್ಲ ಒಳಗಿನ ಕೋಣೆಗಳು. ಪ್ರತಿ ಕೋಣೆಗೂ ಉಗ್ರಾಣಿಯ ಬಳಿ ಒಂದು ಕ್ಲಾಕ್ ನಿಯಂತ್ರಣ ರಿಜಿಸ್ಟರ್ ಇರುತ್ತದೆ. ಅದರ ಕೊನೆಯ ಎರಡು ಬಿಟ್‌ಗಳಲ್ಲಿ 2 ಎಂದು ಬರೆದರೆ “ತೆರೆ” ಎಂದರ್ಥ. 0 ಎಂದರೆ “ಮುಚ್ಚು”. ಆದರೆ ಬರೆದ ಮಾತ್ರಕ್ಕೆ ಬಾಗಿಲು ತೆರೆದಿರುವುದಿಲ್ಲ. ಅದೇ ರಿಜಿಸ್ಟರಿನ 16 ಮತ್ತು 17ನೇ ಬಿಟ್‌ಗಳಲ್ಲಿ ಉಗ್ರಾಣಿಯ ಉತ್ತರ ಬರುತ್ತದೆ. 3 ಎಂದರೆ ಮುಚ್ಚಿದೆ, 1 ಎಂದರೆ ಬದಲಾಗುತ್ತಿದೆ, 0 ಎಂದರೆ ಕೆಲಸಕ್ಕೆ ಸಿದ್ಧ. ಈ ಸೊನ್ನೆ ಬರುವ ಮುನ್ನ ಆ ಮಾಡ್ಯೂಲಿನ ಯಾವುದೇ ವಿಳಾಸವನ್ನು ಮುಟ್ಟಿದರೆ, ಬೀಗ ಹಾಕಿದ ಕೋಣೆಯ ಕದ ತಟ್ಟಿದಂತೆ. ಪ್ರೊಸೆಸರ್ ದೋಷ ಸಾರಿ ಕರ್ನಲ್ ಅಲ್ಲಿಯೇ ಕುಸಿಯುವ ಸಂಭವವಿರುತ್ತದೆ. ಹೊಸ ಬೋರ್ಡ್‌ಗಳನ್ನು ಎಬ್ಬಿಸುವ ಇಂಜಿನಿಯರುಗಳು ಮೊದಲ ವಾರದಲ್ಲಿ ಕಾಣುವ ದೋಷಗಳಲ್ಲಿ ಇದೊಂದು.

ಇದು ಹೊರಗಿನ ನಿಯಂತ್ರಣ. ಪ್ರತಿ ಮಾಡ್ಯೂಲಿನ ಒಳಗೂ ಒಂದು ಪುಟ್ಟ ನಿಯಂತ್ರಣ ಇರುತ್ತದೆ. ಅದಕ್ಕೆ ಸಿಸ್‌ಕಾನ್ಫಿಗ್ ಎಂದು ಹೆಸರು. ಮಾಡ್ಯೂಲು ಯಾವಾಗ ನಿದ್ರೆಗೆ ಹೋಗಬಹುದು, ನಿದ್ರೆಯಿಂದ ಯಾರನ್ನು ಎಬ್ಬಿಸಬಹುದು ಎಂಬುದು ಅಲ್ಲಿ ನಿರ್ಧಾರವಾಗುತ್ತದೆ. ಬಲವಂತದ ನಿದ್ರೆ, ನಿದ್ರೆಯೇ ಇಲ್ಲ, ಕೆಲಸ ಮುಗಿದಾಗ ನಿದ್ರೆ, ಕೆಲಸ ಮುಗಿದಾಗ ನಿದ್ರೆ ಹಾಗೂ ಬೇಕಾದಾಗ ಎಚ್ಚರ ಎಂಬ ನಾಲ್ಕು ಬಗೆಗಳಿವೆ. ಮಾಡ್ಯೂಲನ್ನು ಅದರೊಳಗಿನಿಂದಲೇ ಮೊದಲಿನ ಸ್ಥಿತಿಗೆ ತರುವ ಸಾಫ್ಟ್ ರೀಸೆಟ್ ಬಿಟ್ ಕೂಡ ಅಲ್ಲಿಯೇ ಇದೆ. ಬ್ಯಾಡಗಿಯಲ್ಲಿ ನಮ್ಮನ್ನು ಕಾಡಿದ್ದು ಈ ಬಿಟ್.

ಕೆಲವು ದೊಡ್ಡ ಮಾಡ್ಯೂಲುಗಳಿಗೆ ಇದಲ್ಲದೆ ಹಾರ್ಡ್ ರೀಸೆಟ್ ಎಂಬ ಎಳೆಯೂ ಉಂಟು. ಅದು ಪಿಆರ್‌ಸಿಎಂನ ರೀಸೆಟ್ ನಿಯಂತ್ರಣ ರಿಜಿಸ್ಟರಿನ ಒಂದು ಬಿಟ್. ಎಎಂ335ಎಕ್ಸ್‌ನಲ್ಲಿ ಕೈಗಾರಿಕಾ ಸಂವಹನಕ್ಕೆ ಬಳಕೆಯಾಗುವ ಪಿಆರ್‌ಯು ಎಂಬ ಉಪಪ್ರೊಸೆಸರ್, ಗ್ರಾಫಿಕ್ಸ್ ಮತ್ತು ವಿದ್ಯುತ್ ಉಳಿತಾಯವನ್ನು ನೋಡಿಕೊಳ್ಳುವ ಸಣ್ಣ ಎಂ3 ಪ್ರೊಸೆಸರ್ ಇವು ಇಂತಹ ಎಳೆ ಉಳ್ಳವು. ಬಿಟ್ 1 ಆಗಿರುವವರೆಗೆ ಅವು ಹಿಡಿದಿಟ್ಟ ಸ್ಥಿತಿಯಲ್ಲಿರುತ್ತವೆ. 0 ಮಾಡಿದಾಗ ಬಿಡುಗಡೆ. ಇಲ್ಲೊಂದು ತೊಡಕಿದೆ. ಕ್ಲಾಕ್ ಇಲ್ಲದೆ ರೀಸೆಟ್ ಬಿಡುಗಡೆ ಪೂರ್ಣವಾಗದು. ರೀಸೆಟ್ ಹಿಡಿದಿರುವವರೆಗೆ ಮಾಡ್ಯೂಲು ಸಿದ್ಧವೆಂಬ ಉತ್ತರವೂ ಬಾರದು. ಆದ್ದರಿಂದ ಮೊದಲು ಕ್ಲಾಕ್ ಕೊಟ್ಟು, ಉತ್ತರಕ್ಕೆ ಕಾಯದೆ, ರೀಸೆಟ್ ಬಿಡಿಸಿ, ಆನಂತರ ಸಿದ್ಧತೆಗೆ ಕಾಯಬೇಕು. ಈ ಕ್ರಮ ತಪ್ಪಿದ ಕರ್ನಲ್‌ನಲ್ಲಿ ಪಿಆರ್‌ಯು ಏಳುವುದೇ ಇಲ್ಲ. ಇದನ್ನೇ ನೆಚ್ಚಿ ಸಿಎನ್‌ಸಿ ಯಂತ್ರಗಳ ಸಂವಹನ ಕಾರ್ಡ್ ತಯಾರಿಸುವವರು ಚಿಪ್ ಕೆಟ್ಟಿದೆಯೆಂದು ಹಿಂದಿರುಗಿಸಿದ ಉದಾಹರಣೆ ನನಗೆ ಗೊತ್ತಿದೆ. ಚಿಪ್ ಸರಿಯಾಗಿಯೇ ಇತ್ತು.

ಮೊಬೈಲಿನಿಂದ ಫಲಕಕ್ಕೆ ಬಂದ ಆಸ್ತಿ

ಇಷ್ಟು ಸೂಕ್ಷ್ಮವಾದ ನಿಯಂತ್ರಣ ಏಕೆ ಬೇಕಾಯಿತು ಎಂದು ಓದುಗರು ಕೇಳಬಹುದು. ಈ ಚಿಪ್‌ಗಳ ಹಿರಿಯಣ್ಣನಾದ ಒಎಂಎಪಿ ಕುಟುಂಬ ಮೊಬೈಲ್ ಫೋನ್‌ಗಳಿಗಾಗಿ ಹುಟ್ಟಿತು. 2009ರಲ್ಲಿ ಬಂದ ನೋಕಿಯಾ ಎನ್900 ಫೋನ್ ಒಎಂಎಪಿ 3430 ಚಿಪ್‌ನ ಮೇಲೆ ಲಿನಕ್ಸ್ ಓಡಿಸುತ್ತಿತ್ತು. ಫೋನಿನ ಬ್ಯಾಟರಿ ಒಂದು ದಿನ ಬಾಳಬೇಕಾದರೆ ಬಳಕೆಯಲ್ಲಿಲ್ಲದ ಮಾಡ್ಯೂಲುಗಳೆಲ್ಲ ಮಲಗಲೇಬೇಕು. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ 2012ರಲ್ಲಿ ಮೊಬೈಲ್ ಫೋನ್ ಮಾರುಕಟ್ಟೆಯಿಂದ ಹಿಂದೆ ಸರಿದು ಕೈಗಾರಿಕೆ, ವಾಹನ ಮುಂತಾದ ಕ್ಷೇತ್ರಗಳತ್ತ ಗಮನ ಹರಿಸುವುದಾಗಿ ಪ್ರಕಟಿಸಿತು. ಅದಕ್ಕೆ ಒಂದು ವರ್ಷ ಮೊದಲೇ, 2011ರ ಅಕ್ಟೋಬರಿನಲ್ಲಿ, ಎಎಂ335ಎಕ್ಸ್ ಚಿಪ್‌ಗಳೂ ಅವುಗಳನ್ನು ಆಧರಿಸಿದ ಬೀಗಲ್‌ಬೋನ್ ಬೋರ್ಡ್ ಕೂಡ ಬಂದಿದ್ದವು. 2013ರ ಏಪ್ರಿಲ್‌ನಲ್ಲಿ ಬೀಗಲ್‌ಬೋನ್ ಬ್ಲ್ಯಾಕ್ 45 ಡಾಲರಿಗೆ ಬಿಡುಗಡೆಯಾದ ಮೇಲೆ ನಮ್ಮಂತಹವರ ಕೈಗೂ ಇದು ಎಟುಕಿತು. ಇದೇ ಸಂಸ್ಥೆ 1985ರಲ್ಲಿಯೇ ಬೆಂಗಳೂರಿನಲ್ಲಿ ವಿನ್ಯಾಸ ಕೇಂದ್ರ ತೆರೆದದ್ದು ನಮ್ಮ ನಗರದ ತಂತ್ರಜ್ಞಾನದ ಇತಿಹಾಸದಲ್ಲಿ ಎಲ್ಲರೂ ನೆನೆಯುವ ಘಟನೆ. ಪೀಣ್ಯದ ಶೆಡ್ಡುಗಳಿಗೂ ಆ ಕೇಂದ್ರಕ್ಕೂ ನಡುವೆ ಇರುವ ಅಂತರ ಮಾತ್ರ ಕಿಲೋಮೀಟರಿನಲ್ಲಿ ಅಳೆಯುವಂತಹುದಲ್ಲ.

ಫೋನ್ ತಯಾರಿಸುವ ದೊಡ್ಡ ಸಂಸ್ಥೆಗೆ ನೂರಾರು ಇಂಜಿನಿಯರುಗಳಿರುತ್ತಾರೆ. ಅವರಿಗಾಗಿ ರೂಪಿಸಿದ ನಿಯಂತ್ರಣಗಳೆಲ್ಲ ಈಗ ಮೂವರು ಇಂಜಿನಿಯರುಗಳಿರುವ ಘಟಕದ ಪಾಲಿಗೆ ಬಂದಿವೆ. ಅನುಕೂಲವೂ ಬಂದಿದೆ, ಹೊಣೆಯೂ ಬಂದಿದೆ.

ಒಂದೇ ಮಾತು, ಮೂರು ಸ್ಥಳ

ಆರಂಭದಲ್ಲಿ ಪ್ರತಿಯೊಂದು ಡ್ರೈವರ್ ತನ್ನ ಮಾಡ್ಯೂಲಿನ ಸಿಸ್‌ಕಾನ್ಫಿಗ್ ಅನ್ನು ತಾನೇ ಬರೆದುಕೊಳ್ಳುತ್ತಿತ್ತು. ಒಬ್ಬೊಬ್ಬರದು ಒಂದೊಂದು ರೀತಿ. ಇದನ್ನು ಒಂದೆಡೆ ತರಲು ಪಾಲ್ ವಾಮ್ಸ್‌ಲಿಯವರು ರೂಪಿಸಿದ ಹೆಚ್‌ಡಬ್ಲ್ಯುಮಾಡ್ ಎಂಬ ವ್ಯವಸ್ಥೆ 2009ರಲ್ಲಿ ಕರ್ನಲ್ 2.6.32ರೊಂದಿಗೆ ಬಂದಿತು. ಮಾಡ್ಯೂಲಿನ ಹೆಸರು, ಅದರ ಕ್ಲಾಕ್, ಸಿಸ್‌ಕಾನ್ಫಿಗ್ ಇರುವ ಸ್ಥಳ, ರೀಸೆಟ್ ಎಳೆಗಳು, ಪಿಆರ್‌ಸಿಎಂನಲ್ಲಿನ ರಿಜಿಸ್ಟರ್ ಎಲ್ಲವೂ ಒಂದು ಪಟ್ಟಿಯಲ್ಲಿ. ಒಎಂಎಪಿ 4ರ ಪಟ್ಟಿಯನ್ನಂತೂ ಬೆನ್ವಾ ಕೂಸಾಂ ಅವರು ಚಿಪ್ ವಿನ್ಯಾಸದ ದತ್ತಾಂಶದಿಂದಲೇ ಯಾಂತ್ರಿಕವಾಗಿ ತೆಗೆಯುವ ವ್ಯವಸ್ಥೆ ಮಾಡಿದರು. ಕೈಬರಹದ ತಪ್ಪುಗಳು ಕಡಿಮೆಯಾದವು. ಆದರೆ ಪಟ್ಟಿಗಳು ಸಿ ಭಾಷೆಯಲ್ಲಿದ್ದು ಸಾವಿರಾರು ಸಾಲಿಗೆ ಬೆಳೆದವು. ಪ್ರತಿ ಹೊಸ ಚಿಪ್‌ಗೂ ಕರ್ನಲ್ಲಿನೊಳಗೇ ಮತ್ತೊಂದು ಕಡತ. ಬೇರೆ ಸಂಸ್ಥೆಗಳ ಎಆರ್‌ಎಂ ಚಿಪ್‌ಗಳ ಕಥೆಯೂ ಇದೇ. 2011ರ ಮಾರ್ಚ್‌ನಲ್ಲಿ ಲೈನಸ್ ಟೊರ್ವಾಲ್ಡ್ಸ್ ಈ ಅವ್ಯವಸ್ಥೆಯ ಬಗ್ಗೆ ಬಹಿರಂಗವಾಗಿಯೇ, ಸೌಮ್ಯವಲ್ಲದ ಮಾತುಗಳಲ್ಲಿ, ಅಸಮಾಧಾನ ಸೂಚಿಸಿದರು.

ಅದರ ಬಳಿಕ ಯಂತ್ರಾಂಶದ ವಿವರಣೆಯನ್ನು ಕರ್ನಲ್ಲಿನ ಹೊರಗೆ, ಡಿವೈಸ್ ಟ್ರೀ ಎಂಬ ಪ್ರತ್ಯೇಕ ಕಡತದಲ್ಲಿ ಇಡುವ ಪದ್ಧತಿ ಎಆರ್‌ಎಂ ಲೋಕದಲ್ಲಿ ಬಲಗೊಂಡಿತು. ಆದರೂ ವಿದ್ಯುತ್ ಮತ್ತು ರೀಸೆಟ್ ವಿವರಗಳು ಕೆಲವು ವರ್ಷ ಸಿ ಕಡತದಲ್ಲಿಯೇ ಉಳಿದವು. ಡಿವೈಸ್ ಟ್ರೀಯಲ್ಲಿ ಮಾಡ್ಯೂಲಿನ ಹೆಸರನ್ನಷ್ಟೇ ಕೊಟ್ಟು ಹಳೆಯ ಪಟ್ಟಿಯತ್ತ ಬೆರಳು ತೋರಿಸಲಾಗುತ್ತಿತ್ತು. 2017–18ರ ಹೊತ್ತಿಗೆ ಟೋನಿ ಲಿಂಡ್‌ಗ್ರೆನ್ ಅವರ ಟಿಐ-ಸಿಸ್‌ಸಿ ಎಂಬ ಡ್ರೈವರ್ ಬಂದು ಈ ಕೊನೆಯ ಭಾಗವನ್ನೂ ಡಿವೈಸ್ ಟ್ರೀಗೆ ಸರಿಸತೊಡಗಿತು. ಈ ಕ್ರಮದಲ್ಲಿ ಪ್ರತಿ ಮಾಡ್ಯೂಲಿಗೂ ‘ಟಾರ್ಗೆಟ್ ಮಾಡ್ಯೂಲ್’ ಎಂಬ ಒಂದು ಹೊದಿಕೆ ಇರುತ್ತದೆ. ಸೀರಿಯಲ್ ಪೋರ್ಟ್, ಟೈಮರ್ ಮುಂತಾದ ನಿಜವಾದ ಸಾಧನ ಅದರ ಮಗುವಾಗಿ ಒಳಗೆ ಕೂರುತ್ತದೆ. ಎಎಂ335ಎಕ್ಸ್‌ನ ಸೀರಿಯಲ್ ಪೋರ್ಟನ್ನೇ ನೋಡಿ. ಮಾಡ್ಯೂಲಿನ ಆರಂಭದಿಂದ ಹದಿನಾರರ ಮಾನದಲ್ಲಿ 50ನೇ ಸ್ಥಾನದಲ್ಲಿ ಅದರ ಆವೃತ್ತಿ ಸಂಖ್ಯೆ, 54ರಲ್ಲಿ ಸಿಸ್‌ಕಾನ್ಫಿಗ್, 58ರಲ್ಲಿ ರೀಸೆಟ್ ಮುಗಿಯಿತೇ ಎಂದು ತಿಳಿಸುವ ಸ್ಥಿತಿ ರಿಜಿಸ್ಟರ್. ಹೊದಿಕೆಯಲ್ಲಿ ಈ ಮೂರು ಸ್ಥಾನಗಳು, ಸಿಸ್‌ಕಾನ್ಫಿಗ್‌ನಲ್ಲಿ ಯಾವ ಬಿಟ್‌ಗಳಿವೆ, ನಿದ್ರೆಯ ಯಾವ ಬಗೆಗಳು ಸಲ್ಲುತ್ತವೆ, ಕ್ಲಾಕ್ ಯಾವುದು ಎಂಬುದನ್ನು ಬರೆದರೆ ಆಯಿತು. ಡ್ರೈವರ್ ಬರೆಯುವವರು ಇದನ್ನು ಮತ್ತೆ ಮುಟ್ಟಬೇಕಾಗಿಲ್ಲ.

ಹಾರ್ಡ್ ರೀಸೆಟ್ ಎಳೆಗಳಿಗೆ ಟೀರೋ ಕ್ರಿಸ್ಟೋ ಅವರು ಬರೆದ ಪಿಆರ್‌ಎಂ ಡ್ರೈವರ್ 2020ರ ಆರಂಭದಲ್ಲಿ ಕರ್ನಲ್ 5.5ರೊಂದಿಗೆ ಬಂದಿತು. ಪಿಆರ್‌ಎಂನ ಒಂದೊಂದು ವಿಭಾಗವೂ ಡಿವೈಸ್ ಟ್ರೀಯಲ್ಲಿ ಒಂದೊಂದು ಗಂಟು. ಮಾಡ್ಯೂಲು ತನಗೆ ಬೇಕಾದ ವಿಭಾಗವನ್ನೂ ಬಿಟ್‌ನ ಸಂಖ್ಯೆಯನ್ನೂ ಹೆಸರಿಸುತ್ತದೆ. ಎಎಂ335ಎಕ್ಸ್‌ನಲ್ಲಿ ಪಿಆರ್‌ಯುವಿಗೆ ಸಂಖ್ಯೆ 1, ಗ್ರಾಫಿಕ್ಸ್‌ಗೆ 0, ಎಂ3 ಪ್ರೊಸೆಸರಿಗೆ 3. ಲೆಡ್ಜರಿನಲ್ಲಿ ಖಾತೆಯ ಪುಟ ಬರೆದಂತೆ ಇಷ್ಟು ಸರಳ. ಪುಟದ ಸಂಖ್ಯೆ ತಪ್ಪಿದರೆ ಮಾತ್ರ ಬೇರೆಯವರ ಖಾತೆಗೆ ಜಮಾ ಆಗುತ್ತದೆ.

ನಮ್ಮ “ರೀಸೆಟ್ ಬೇಡ” ಎಂಬ ಮಾತೂ ಈ ಮೂರೂ ಕಾಲಗಳನ್ನು ಕಂಡಿತು. 3.2ರಲ್ಲಿ ಅದು ಸಿ ಕಡತದ ಒಂದು ಗುರುತು. 4.19ಕ್ಕೆ ನಾವು ಅದನ್ನು ಡಿವೈಸ್ ಟ್ರೀಯಲ್ಲಿ ಜಿಪಿಐಒ ಸಾಧನದ ಕೆಳಗೆ ‘ಟಿಐ, ನೋ-ರೀಸೆಟ್-ಆನ್-ಇನಿಟ್’ ಎಂಬ ಒಂದೇ ಸಾಲಾಗಿ ಬರೆದೆವು. ಆಮೇಲೆ 5.10ಕ್ಕೆ ಬಂದಾಗ ಅದೇ ಸಾಲು ಸಾಧನದ ಕೆಳಗಲ್ಲ, ಅದನ್ನು ಹೊದ್ದಿರುವ ಟಾರ್ಗೆಟ್ ಮಾಡ್ಯೂಲಿನಲ್ಲಿ ಇರಬೇಕಾಯಿತು. ಹಳೆಯ ಸ್ಥಳದಲ್ಲಿಯೇ ಬಿಟ್ಟಿದ್ದರೆ ಕರ್ನಲ್ ಅದನ್ನು ಪಾಲಿಸುತ್ತಿತ್ತಾದರೂ, ಅದು ಮಾಡ್ಯೂಲಿನ ಮಟ್ಟದಲ್ಲಿರಬೇಕೆಂದು ಎಚ್ಚರಿಸುತ್ತಿತ್ತು. ಒಮ್ಮೆ ಬೆರಳು ಸುಟ್ಟುಕೊಂಡಿದ್ದರಿಂದ ಈ ಸಲ ಎಚ್ಚರವಿತ್ತು.

ರೀಸೆಟ್ ಮಾಡುವ ಕರ್ನಲ್‌ನದು ತಪ್ಪೇ?

ಅಲ್ಲವೆಂದೇ ನನ್ನ ಅಭಿಪ್ರಾಯ. ಬೂಟ್‌ಲೋಡರ್ ಯಾವ ಮಾಡ್ಯೂಲನ್ನು ಯಾವ ಸ್ಥಿತಿಯಲ್ಲಿ ಬಿಟ್ಟು ಹೋಗಿದೆಯೋ ಕರ್ನಲ್‌ಗೆ ತಿಳಿಯದು. ಅರ್ಧ ಬರೆದ ಟೈಮರ್ ಇರಬಹುದು, ನಿಲ್ಲಿಸದ ದತ್ತಾಂಶ ವರ್ಗಾವಣೆ ಇರಬಹುದು. ಹೊಸ ವ್ಯವಸ್ಥಾಪಕರು ಅಧಿಕಾರ ವಹಿಸಿಕೊಳ್ಳುವ ದಿನ ದಾಸ್ತಾನು ಎಣಿಸಿ ಆರಂಭಿಸುವಂತೆ, ಎಲ್ಲವನ್ನೂ ಗೊತ್ತಿರುವ ಸ್ಥಿತಿಗೆ ತಂದು ಆರಂಭಿಸುವುದೇ ಸುರಕ್ಷಿತ. ಆದರೆ ಕೆಲವೆಡೆ ಅದು ಸಲ್ಲುವುದಿಲ್ಲ. ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್‌ನ ಎಎಂ335ಎಕ್ಸ್ ಸ್ಟಾರ್ಟರ್ ಕಿಟ್ ಬೋರ್ಡ್‌ನಲ್ಲಿ ಸ್ಮೃತಿಕೋಶದ ವಿದ್ಯುತ್ ಪೂರೈಕೆಯ ಒಂದು ಭಾಗವನ್ನು ಮೊದಲ ಜಿಪಿಐಒ ಮಾಡ್ಯೂಲಿನ 7ನೇ ಕಾಲು ಹಿಡಿದಿರುತ್ತದೆ. ಆ ಮಾಡ್ಯೂಲನ್ನು ರೀಸೆಟ್ ಮಾಡಿದರೆ ಕರ್ನಲ್ ತಾನು ಕುಳಿತ ಕೊಂಬೆಯನ್ನೇ ಕಡಿದಂತೆ. ಆದ್ದರಿಂದ ಆ ಬೋರ್ಡಿನ ವಿವರಣೆಯಲ್ಲಿ ಇದೇ “ರೀಸೆಟ್ ಬೇಡ” ಸಾಲು ಇದೆ.

ಇನ್ನು ಕೆಲವು ಮಾಡ್ಯೂಲುಗಳ ಸ್ವಭಾವವೇ ವಿಚಿತ್ರ. ವಾಚ್‌ಡಾಗ್ ಟೈಮರನ್ನು ರೀಸೆಟ್ ಮಾಡಿದರೆ ಅದು ಓಡುವ ಸ್ಥಿತಿಯಲ್ಲಿಯೇ ಎದ್ದು ನಿಲ್ಲುತ್ತದೆ. ಕೂಡಲೇ ನಿಲ್ಲಿಸದಿದ್ದರೆ ಸ್ವಲ್ಪ ಹೊತ್ತಿಗೆ ಇಡೀ ಚಿಪ್ಪನ್ನೇ ಮತ್ತೆ ರೀಸೆಟ್ ಮಾಡುತ್ತದೆ. ಐ2ಸಿ ಮಾಡ್ಯೂಲನ್ನು ಮೊದಲು ನಿಷ್ಕ್ರಿಯಗೊಳಿಸಿ ರೀಸೆಟ್ ಬಿಟ್ ಬರೆದು ಮತ್ತೆ ಸಕ್ರಿಯಗೊಳಿಸಿದ ನಂತರವೇ ರೀಸೆಟ್ ಮುಗಿಯಿತೆಂಬ ಉತ್ತರ ಬರುತ್ತದೆ. ಆರ್‌ಟಿಸಿ ಎಂಬ ಗಡಿಯಾರವಂತೂ ಎರಡು ಗುಪ್ತಸಂಖ್ಯೆಗಳನ್ನು ಸರಿಯಾದ ಕ್ರಮದಲ್ಲಿ ಬರೆಯುವವರೆಗೆ ಯಾರ ಮಾತನ್ನೂ ಕೇಳದು. ಇಂತಹ ಅಪವಾದಗಳಿಗೆಲ್ಲ ಮುಖ್ಯ ಕರ್ನಲ್‌ನಲ್ಲಿ ಪರಿಹಾರ ಬರೆಯಲಾಗಿದೆ. ಪೂರೈಕೆದಾರರು ತಾವೇ ಕತ್ತರಿಸಿ ಅಂಟಿಸಿದ ಕರ್ನಲ್‌ನಲ್ಲಿ ಇವು ಇರುತ್ತವೆಂಬ ಖಾತರಿ ಇಲ್ಲ.

ಕೊನೆಯ ರೀಸೆಟ್ ಯಾರಿಂದ?

ನಮ್ಮ ಸದಸ್ಯರಿಗೆ ನೇರವಾಗಿ ಹಣ ಉಳಿಸಬಲ್ಲ ಒಂದು ರಿಜಿಸ್ಟರ್ ಇದೇ ಪಿಆರ್‌ಸಿಎಂನಲ್ಲಿದೆ. ಚಿಪ್ ಕೊನೆಯ ಬಾರಿ ಏಕೆ ರೀಸೆಟ್ ಆಯಿತೆಂಬುದನ್ನು ಅದು ಹೇಳುತ್ತದೆ. ಎಎಂ335ಎಕ್ಸ್‌ನಲ್ಲಿ ಬಿಟ್ 0 ಇದ್ದರೆ ವಿದ್ಯುತ್ ಹೋಗಿ ಬಂದದ್ದು ಮುಂತಾದ ಕೋಲ್ಡ್ ರೀಸೆಟ್, ಬಿಟ್ 1 ಇದ್ದರೆ ತಂತ್ರಾಂಶವೇ ಮಾಡಿದ್ದು, ಬಿಟ್ 4 ಇದ್ದರೆ ವಾಚ್‌ಡಾಗ್, ಬಿಟ್ 5 ಇದ್ದರೆ ಹೊರಗಿನ ರೀಸೆಟ್ ಸಂಕೇತ. ಓದಿದ ಮೇಲೆ ಆ ಬಿಟ್‌ಗೆ 1 ಬರೆದು ಅಳಿಸಬೇಕು. ಇಲ್ಲವಾದರೆ ಹಳೆಯ ಗುರುತಿನ ಮೇಲೆ ಹೊಸದು ಕೂಡಿಕೊಂಡು ಲೆಕ್ಕ ಕಲಸಿಹೋಗುತ್ತದೆ. ನಾವು ಈಗ ಬೂಟ್‌ಲೋಡರಿನಲ್ಲಿಯೇ ಇದನ್ನು ಓದಿ, ಸಮಯ ಸಹಿತ ದಾಖಲಿಸುತ್ತೇವೆ. ಒಂದು ಪಂಪ್ ಫಲಕ ದಿನಕ್ಕೆ ನಾಲ್ಕಾರು ಬಾರಿ ತಾನಾಗಿ ಆರಿ ಹೊತ್ತುತ್ತದೆಂದು ದೂರು ಬಂದಾಗ ದಾಖಲೆಯಲ್ಲಿ ಇದ್ದುದೆಲ್ಲ ಬಿಟ್ 0 ಮಾತ್ರ. ಅಲ್ಲಿನ ಎಲೆಕ್ಟ್ರೀಷಿಯನ್ ಹುಡುಕಿದಾಗ ನ್ಯೂಟ್ರಲ್ ತಂತಿ ಸಡಿಲವಾಗಿರುವುದು ಸಿಕ್ಕಿತು. ಬೋರ್ಡ್ ಬದಲಿಸಿ ಕಳುಹಿಸುವ ಪ್ರಮೇಯ ಬರಲಿಲ್ಲ. ಅದೇ ದಾಖಲೆಯಲ್ಲಿ ಬಿಟ್ 4 ಕಂಡಿದ್ದರೆ ತಪ್ಪು ನಮ್ಮದೆಂದು ಒಪ್ಪಬೇಕಿತ್ತು. ಅದೂ ಒಂದು ಲಾಭವೇ, ಚರ್ಚೆ ಬೇಗ ಮುಗಿಯುತ್ತದೆ.

ಖರೀದಿಗೆ ಮೊದಲು

ಬೋರ್ಡ್ ಕೊಳ್ಳುವಾಗ ನಾವು ಬೆಲೆ, ಪೂರೈಕೆಯ ಅವಧಿ, ವಾರಂಟಿ ಇವನ್ನು ವಿಚಾರಿಸುತ್ತೇವೆ. ಇವುಗಳ ಜೊತೆಗೆ ಡಿವೈಸ್ ಟ್ರೀಯ ಮೂಲ ಕಡತವನ್ನು ಕೇಳಿ ಪಡೆಯಬೇಕೆಂಬುದು ನನ್ನ ಸಲಹೆ. ಅನುವಾದಗೊಂಡ ಯಂತ್ರರೂಪದ ಕಡತ ಸಾಲದು. ಅದನ್ನು ತಿರುಗಿ ಬಿಡಿಸಬಹುದಾದರೂ ಟಿಪ್ಪಣಿಗಳು ಅದರಲ್ಲಿ ಉಳಿದಿರುವುದಿಲ್ಲ. ಕರ್ನಲ್ ಜಿಪಿಎಲ್ ಪರವಾನಗಿಯಡಿ ಬರುವುದರಿಂದ ಅದರ ಮೂಲಸಂಕೇತವನ್ನು ಕೇಳುವ ಹಕ್ಕು ಕೊಂಡವರಿಗಿದೆ. ನಾವು ಅದನ್ನು ನಮ್ಮ ಸಲಕರಣೆಯಲ್ಲಿಟ್ಟು ಮಾರಿದಾಗ ಅದೇ ಕರ್ತವ್ಯ ನಮ್ಮ ಮೇಲೂ ಬೀಳುತ್ತದೆಂಬುದನ್ನು ಹಲವರು ಮರೆಯುತ್ತಾರೆ. ಬೋರ್ಡ್ ಮುಖ್ಯ ಕರ್ನಲ್‌ನ ಮೇಲೆ, ಪೂರೈಕೆದಾರರ ಸ್ವಂತ ತಿದ್ದುಪಡಿಗಳಿಲ್ಲದೆ, ಏಳುತ್ತದೆಯೇ ಎಂದೂ ಕೇಳಬೇಕು. “ಏಳುತ್ತದೆ, ಆದರೆ ನಾಲ್ಕು ತಿದ್ದುಪಡಿಗಳೊಂದಿಗೆ” ಎಂಬ ಉತ್ತರ ಬಂದರೆ ಹೆದರಬೇಕಾಗಿಲ್ಲ. ಆ ನಾಲ್ಕು ಯಾವುವು, ಅವುಗಳಲ್ಲಿ ರೀಸೆಟ್‌ಗೂ ನಿದ್ರೆಗೂ ಸಂಬಂಧಿಸಿದವು ಎಷ್ಟು ಎಂದು ಬರಹದಲ್ಲಿ ಪಡೆದರೆ ಸಾಕು. ಪ್ರಶ್ನೆಯೇ ಅರ್ಥವಾಗದ ಪೂರೈಕೆದಾರರಿಂದ ಮಾಲು ಕೊಳ್ಳುವ ಬಗ್ಗೆ ಎರಡು ಬಾರಿ ಯೋಚಿಸುವುದು ಲೇಸು.

ಎಎಂ335ಎಕ್ಸ್‌ನ ತಾಂತ್ರಿಕ ಕೈಪಿಡಿ ನಾಲ್ಕು ಸಾವಿರಕ್ಕೂ ಹೆಚ್ಚು ಪುಟಗಳದ್ದು. ತಯಾರಕರಿಂದ ಉಚಿತವಾಗಿ ದೊರೆಯುತ್ತದೆ. ಅದನ್ನೆಲ್ಲ ಯಾರೂ ಓದುವುದಿಲ್ಲ. ವಿದ್ಯುತ್, ರೀಸೆಟ್, ಕ್ಲಾಕ್ ನಿರ್ವಹಣೆಯ ಅಧ್ಯಾಯವನ್ನಾದರೂ ನಿಮ್ಮ ಇಂಜಿನಿಯರ್ ಒಮ್ಮೆ ಓದಲಿ. ಅದಕ್ಕೆ ಒಂದು ವಾರ ರಜೆ ಕೊಟ್ಟರೂ ನಷ್ಟವಿಲ್ಲ.

ನಮ್ಮ ಘಟಕದಲ್ಲಿ ಈಗ ಕರ್ನಲ್ ಬದಲಾದಾಗಲೆಲ್ಲ ಒಂದು ಪರೀಕ್ಷೆ ಕಡ್ಡಾಯ. ಫಲಕದ ಎಲ್ಲ ಔಟ್‌ಪುಟ್ ಕಾಲುಗಳಿಗೆ ಆಸಿಲೋಸ್ಕೋಪ್ ಜೋಡಿಸಿ, ಐವತ್ತು ಬಾರಿ ವಿದ್ಯುತ್ ಕಡಿದು ಕೊಟ್ಟು, ಮೊದಲ ಒಂದು ನಿಮಿಷದಲ್ಲಿ ಯಾವ ಕಾಲು ಎಷ್ಟು ಬಾರಿ ಅಲುಗಿತೆಂದು ಬರೆದುಕೊಳ್ಳುತ್ತೇವೆ. ಬೂಟ್‌ಲೋಡರಿನಿಂದ ಕಂಪ್ರೆಸರ್ ಹಾಕುವ ಪದ್ಧತಿಯನ್ನು ಕೈಬಿಟ್ಟಿದ್ದೇವೆ. ಬ್ಯಾಡಗಿಯ ಫಲಕದಲ್ಲಿ, ಯಾವ ತಂತ್ರಾಂಶಕ್ಕೂ ಸಂಬಂಧವಿಲ್ಲದ, ಮೂರು ನಿಮಿಷದ ಸಾಮಾನ್ಯ ವಿಳಂಬ ಟೈಮರ್ ಒಂದನ್ನು ಕಾಂಟ್ಯಾಕ್ಟರಿನ ಸಾಲಿನಲ್ಲಿ ಕೂರಿಸಿದೆವು. ಮಾಲೀಕರು ತಡೆಹಿಡಿದಿದ್ದ ಹಣವನ್ನು ಮುಂದಿನ ಸುಗ್ಗಿಯ ಹೊತ್ತಿಗೆ ಪಾವತಿಸಿದರು. ಡಿವೈಸ್ ಟ್ರೀಯಲ್ಲಿ ಆ ಒಂದು ಸಾಲಿನ ಮೇಲೆ ಈಗ ಐದು ಸಾಲುಗಳ ಟಿಪ್ಪಣಿ ಇದೆ: ಯಾವ ರಿಲೇ, ಯಾವ ಕಾಲು, ಯಾವ ದಿನಾಂಕ, ಏಕೆ, ಮತ್ತು ಇದನ್ನು ತೆಗೆಯುವ ಮೊದಲು ಯಾರನ್ನು ಕೇಳಬೇಕು.